ಕೋಡ್ ಬರೆದವ್ರೇ ರಾತ್ರಿ ಆನ್-ಕಾಲ್ ಫೋನ್ ಎತ್ತಬೇಕಾ?

ಎಲ್2_ಇಂದ_ಬಂದವ್ಳು

ನಮ್ ಟೀಮ್‌ನಲ್ಲಿ ಈಗ ಇದೇ ಜಗಳ. ಮುಂದಿನ ಕ್ವಾರ್ಟರ್‌ನಿಂದ ಡೆವಲಪರ್‌ಗಳೂ ಆನ್-ಕಾಲ್ ರೊಟೇಷನ್‌ಗೆ (ಸಿಸ್ಟಂ ಕೆಟ್ರೆ ಯಾವ ಹೊತ್ತಲ್ಲಾದ್ರೂ ಫೋನ್ ಎತ್ತಿ ನೋಡೋ ಸರದಿ) ಬರ್ಬೇಕು ಅಂತ ಮ್ಯಾನೇಜರ್ ಹೇಳಿದ್ದೇ ತಡ, ಅರ್ಧ ಜನ ರೆಸ್ಯೂಮೆ ಅಪ್ಡೇಟ್ ಮಾಡಕ್ಕೆ ಕೂತ್ರು. ನಾನು ಇದರ ಪರ. ಯಾಕೆ ಅಂತ ಹೇಳ್ತೀನಿ, ಒಪ್ಪದೇ ಇರೋರು ಬೈದ್ರೂ ಪರ್ವಾಗಿಲ್ಲ.

ಡೆವಲಪ್ಮೆಂಟ್‌ಗೆ ಬರೋ ಮುಂಚೆ ನಾನು ಎಲ್2 ಸಪೋರ್ಟ್‌ನಲ್ಲಿದ್ದೆ (ಮೊದಲ ಹಂತದ ಎಲ್1 ಕೈಲಿ ಆಗದೇ ಇದ್ದಿದ್ದನ್ನ ನೋಡೋ ಎರಡನೇ ಹಂತ), ಬೇರೆ ಕಂಪ್ನಿ, ಹೆಸ್ರು ಬೇಡ. ಅಲ್ಲಿ ಒಂದು ಸರ್ವೀಸ್‌ಗೆ ಮೆಮೊರಿ ಲೀಕ್ ಇತ್ತು. ರಾತ್ರಿ ಎರಡು ಎರಡೂವರೆಗೆ ಅಲರ್ಟ್ ಬರೋದು, ರನ್‌ಬುಕ್ (ಅಲರ್ಟ್ ಬಂದಾಗ ಏನ್ ಮಾಡ್ಬೇಕು ಅಂತ ಬರೆದಿಟ್ಟಿದ್ದು) ತೆಗೆದ್ರೆ ಸರ್ವೀಸ್ ರೀಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ನೋಡಿ, ಟಿಕೆಟ್ ಕ್ಲೋಸ್ ಮಾಡಿ ಅಂತ ಇರೋದು, ನಾವೂ ಹಂಗೇ ಮಾಡ್ತಿದ್ವಿ, ಎಸ್‌ಎಲ್‌ಎ (ಇಷ್ಟು ಹೊತ್ತಲ್ಲಿ ಸರಿ ಮಾಡ್ತೀವಿ ಅಂತ ಕ್ಲೈಂಟ್‌ಗೆ ಕೊಟ್ಟ ಮಾತು) ಹಸಿರು, ಕ್ಲೈಂಟ್ ಖುಷಿ, ಮ್ಯಾನೇಜರ್ ಖುಷಿ, ಮಾರನೇ ರಾತ್ರಿ ಮತ್ತೆ ಅದೇ ಅಲರ್ಟ್. ಆ ಕೋಡ್ ಬರೆದ ಟೀಮ್‌ಗೆ ಇದು ಗೊತ್ತೇ ಇಲ್ಲ, ಯಾಕಂದ್ರೆ ಅವರಿಗೆ ಹೋಗೋ ರಿಪೋರ್ಟ್‌ನಲ್ಲಿ ಎಲ್ಲಾ ಟಿಕೆಟ್ ಮುಂದೆನೂ "ರಿಸಾಲ್ವ್ಡ್" ಅಂತಿರತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ, ಬಗ್ ಒಂದ್ ಕಡೆ, ನಿದ್ದೆಗೆಡೋದು ಇನ್ನೊಂದ್ ಕಡೆ. ಸರಿ ಮಾಡೋ ಅಧಿಕಾರ ಇರೋರಿಗೆ ಏನಾಗ್ತಿದೆ ಅಂತ ಗೊತ್ತಾಗಲ್ಲ, ಏನಾಗ್ತಿದೆ ಅಂತ ಗೊತ್ತಿರೋರಿಗೆ ಕೋಡ್ ಮುಟ್ಟಕ್ಕೆ ಪರ್ಮಿಷನ್ ಇಲ್ಲ. ಇಷ್ಟೇ ನನ್ನ ವಾದ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಮೇಡಂ, ಬಿಟ್ಟಿ ಕೆಲ್ಸ ಮಾಡ್ಸಕ್ಕೆ ಕಂಪ್ನಿಗಳಿಗೆ ಇನ್ನೊಂದು ಚೆಂದದ ಕಾರಣ ಕೊಟ್ರಿ. ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗ್, ಮಧ್ಯಾಹ್ನ ಸ್ಪ್ರಿಂಟ್ (ಕೆಲವು ವಾರಗಳ ಕೆಲ್ಸದ ಕಂತು), ಸಂಜೆ ಅಮೆರಿಕಾದವರ ಜೊತೆ ಕಾಲ್, ಇನ್ಮೇಲೆ ರಾತ್ರಿ ಆನ್-ಕಾಲ್. ಆಫರ್ ಲೆಟರ್‌ನಲ್ಲಿ ಡೆವಲಪರ್ ಅಂತಿತ್ತು, ವಾಚ್‌ಮನ್ ಅಂತ ಇರ್ಲಿಲ್ಲ. ಎಲ್1 ಎಲ್2 ಅಂತ ಯಾಕಿಟ್ಟಿದ್ದಾರೆ ಮತ್ತೆ?

ಗ್ರೆಪ್_ಗೌಡ

> ವಾಚ್‌ಮನ್ ಅಂತ ಇರ್ಲಿಲ್ಲ

ಮಾಡಿದ್ದುಣ್ಣೋ ಮಹಾರಾಯ 😄

ಜಯನಗರ_ಜಾವಾ

ಜೋಕ್ ಬದಿಗಿಡಿ, ಇದು ಹೊಸ ವಿಷ್ಯ ಏನಲ್ಲ. ಅಮೆಜಾನ್‌ನ ಸಿಟಿಒ (ತಂತ್ರಜ್ಞಾನ ಮುಖ್ಯಸ್ಥ) ವರ್ನರ್ ವೋಗಲ್ಸ್ 2006ರಲ್ಲೇ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಜೊತೆಗಿನ ಸಂದರ್ಶನದಲ್ಲಿ ಕಟ್ಟಿದವರೇ ನಡೆಸ್ಬೇಕು ಅಂತ ಹೇಳಿದ್ರು. ಡೆವಲಪರ್‌ಗೆ ದಿನಾ ತನ್ನ ಸಾಫ್ಟ್‌ವೇರ್ ಪ್ರೊಡಕ್ಷನ್‌ನಲ್ಲಿ (ಜನ ನಿಜವಾಗಿ ಬಳಸೋ ಸಿಸ್ಟಂನಲ್ಲಿ) ಹೆಂಗೆ ನಡ್ಕೊಳ್ಳತ್ತೆ ಅಂತ ಕಾಣ್ಬೇಕು, ಕಸ್ಟಮರ್ ಜೊತೆ ನೇರ ಸಂಪರ್ಕ ಇರ್ಬೇಕು, ಆ ಫೀಡ್‌ಬ್ಯಾಕ್‌ನಿಂದಲೇ ಸರ್ವೀಸ್ ಸುಧಾರ್ಸೋದು ಅನ್ನೋದು ಅವರ ಮಾತಿನ ಸಾರ. ನಮ್ಮಲ್ಲಿ ಆ ಒಂದು ಸಾಲನ್ನ ಸ್ಲೈಡ್‌ಗೆ ಹಾಕಿ ತೋರಿಸ್ತಾರೆ. ಆದ್ರೆ ಅಲ್ಲಿ ಟೀಮ್‌ಗೆ ಏನು ಬೇಕೋ ಅದನ್ನ ಡಿಪ್ಲಾಯ್ ಮಾಡೋ (ಬಳಕೆಗೆ ಬಿಡೋ) ಸ್ವಾತಂತ್ರ್ಯನೂ ಜೊತೆಗೇ ಕೊಟ್ಟಿದ್ರು, ಆ ಭಾಗ ಮಾತ್ರ ಯಾವ ಸ್ಲೈಡ್‌ನಲ್ಲೂ ಬರಲ್ಲ.

ಟ್ರೇಡಿಂಗ್_ಡೆಸ್ಕ್_ಹತ್ರ

ಅಮೆರಿಕಾದ ಷೇರು ವ್ಯಾಪಾರದ ಕಂಪ್ನಿ ನೈಟ್ ಕ್ಯಾಪಿಟಲ್ ಕಥೆ ಗೊತ್ತಿಲ್ಲದೋರಿಗೆ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ. 2012ರ ಆಗಸ್ಟ್ 1, ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಹೊಸ ರೀಟೇಲ್ ಪ್ರೋಗ್ರಾಂ ಶುರುವಾಗೋ ದಿನ. ಅದಕ್ಕೆ ಹೊಸ ಕೋಡ್‌ನ 8 ಸರ್ವರ್‌ಗೆ ಹಾಕ್ಬೇಕಿತ್ತು, 7ಕ್ಕೆ ಹಾಕಿದ್ರು, ಒಂದು ಬಿಟ್ಟೋಯ್ತು. ಹಾಕಿದ್ದನ್ನ ಇನ್ನೊಬ್ರು ನೋಡಿ ಚೆಕ್ ಮಾಡ್ಬೇಕು ಅನ್ನೋ ಲಿಖಿತ ನಿಯಮನೇ ಇರ್ಲಿಲ್ಲ. ಹೊಸ ಕೋಡ್‌ನಲ್ಲಿ ಬಳಸಿದ ಫ್ಲ್ಯಾಗ್ (ಆನ್-ಆಫ್ ಗುರುತು) ಇದ್ಯಲ್ಲ, ಅದು ವರ್ಷಗಳ ಹಿಂದೆ ಬಳಕೆ ನಿಂತಿದ್ದ ಪವರ್ ಪೆಗ್ ಅನ್ನೋ ಹಳೇ ಫಂಕ್ಷನ್ ಆನ್ ಮಾಡ್ತಿದ್ದ ಅದೇ ಫ್ಲ್ಯಾಗ್, ಮತ್ತೆ ಆ ಸತ್ತ ಕೋಡ್ ಸರ್ವರ್‌ನಲ್ಲಿ ಹಂಗೇ ಕೂತಿತ್ತು. ಮಾರ್ಕೆಟ್ ಓಪನ್ ಆಯ್ತು, ಎಂಟನೇ ಸರ್ವರ್ ನಿಲ್ಲಿಸದೇ ಆರ್ಡರ್ ಕಳಿಸ್ತಾ ಹೋಯ್ತು. ಸುಮಾರು 45 ನಿಮಿಷದಲ್ಲಿ 40 ಲಕ್ಷಕ್ಕೂ ಹೆಚ್ಚು ಎಕ್ಸಿಕ್ಯೂಷನ್, 46 ಕೋಟಿ ಡಾಲರ್ ನಷ್ಟ ಅಂತ ಅಮೆರಿಕಾದ ಷೇರು ಮಾರ್ಕೆಟ್ ನಿಯಂತ್ರಕ ಎಸ್‌ಇಸಿ ಆದೇಶದಲ್ಲಿದೆ.

ಈಗ ಮುಖ್ಯ ವಿಷ್ಯ. ಮಾರ್ಕೆಟ್ ಓಪನ್ ಆಗೋ ಮುಂಚೆನೇ ಅವರ ಸಿಸ್ಟಂ 97 ಇಮೇಲ್ ಕಳ್ಸಿತ್ತು, ಪವರ್ ಪೆಗ್ ಡಿಸೇಬಲ್ಡ್ ಅನ್ನೋ ಎರರ್ ಅದರಲ್ಲೇ ಇತ್ತು. ಆ ಮೇಲ್‌ಗಳನ್ನ ಅಲರ್ಟ್ ಅಂತ ಮಾಡಿರ್ಲಿಲ್ಲ, ಯಾರೂ ಅದರ ಮೇಲೆ ಏನೂ ಮಾಡ್ಲಿಲ್ಲ. ಆಮೇಲೆ ಗಾಬರೀಲಿ ಏನ್ ಮಾಡಿದ್ರು ಗೊತ್ತಾ, ಸರಿಯಾಗಿದ್ದ 7 ಸರ್ವರ್‌ನಿಂದ ಹೊಸ ಕೋಡ್ ವಾಪಸ್ ತೆಗೆದ್ರು. ಅಲ್ಲಿ ತನಕ ಒಂದೇ ಸರ್ವರ್ ಕೆಟ್ಟಿತ್ತು, ಈಗ ಎಂಟೂ ಪವರ್ ಪೆಗ್ ಓಡ್ಸಕ್ಕೆ ಶುರು ಮಾಡಿದ್ವು. ತಮ್ಮ ಸಿಸ್ಟಂ ಪ್ರೊಡಕ್ಷನ್‌ನಲ್ಲಿ ಏನು ಮಾತಾಡತ್ತೆ ಅಂತ ದಿನಾ ಕೇಳಿಸ್ಕೊಳ್ಳೋರು ಅಲ್ಲಿದ್ದಿದ್ರೆ ಆ 97ರಲ್ಲಿ ಒಂದಾದ್ರೂ ಓದ್ತಿದ್ರು.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಇದು ನನ್ನ ಕಡೆಗೇ ಸಾಕ್ಷಿ ಸ್ವಾಮಿ. ಅಲ್ಲಿ ರೋಲ್‌ಬ್ಯಾಕ್ ಮಾಡಿದ್ದೂ (ಹೊಸ ಕೋಡ್ ವಾಪಸ್ ತೆಗೆದಿದ್ದೂ) ಟೆಕ್ನಾಲಜಿ ಟೀಮೇ, ಎಲ್1 ಹುಡುಗ್ರಲ್ಲ. ಇಂಜಿನಿಯರ್‌ಗಳು ಸ್ಥಳದಲ್ಲೇ ಇದ್ದೂ ಹಾಳಾಯ್ತು. ಬೇಕಿದ್ದಿದ್ದು ಕಿಲ್ ಸ್ವಿಚ್ (ಕೆಟ್ಟಾಗ ತಕ್ಷಣ ಎಲ್ಲಾ ನಿಲ್ಲಿಸೋ ವ್ಯವಸ್ಥೆ), ಡಿಪ್ಲಾಯ್ಮೆಂಟ್ ಚೆಕ್, ರಿಸ್ಕ್ ಲಿಮಿಟ್. ಅದಕ್ಕೆ ದುಡ್ಡು ಖರ್ಚು ಮಾಡೋದು ಮ್ಯಾನೇಜ್ಮೆಂಟ್ ಕೆಲ್ಸ. ಅದನ್ನ ಬಿಟ್ಟು ನನ್ನ ಫೋನ್‌ಗೆ ಒಂದು ಆಪ್ ಹಾಕ್ಕೊಟ್ರೆ ಆಯ್ತಾ?

ಟ್ರೇಡಿಂಗ್_ಡೆಸ್ಕ್_ಹತ್ರ

ಅರ್ಧ ಒಪ್ಪಿದೆ. ರೋಲ್‌ಬ್ಯಾಕ್ ವಿಷ್ಯದಲ್ಲಿ ನೀವು ಹೇಳಿದ್ದು ಸರಿ. ಆದ್ರೆ ಕಿಲ್ ಸ್ವಿಚ್ ಬೇಕು ಅಂತ ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ ಕೈ ಎತ್ತೋರು ಯಾರು? ನಾನು ನೋಡಿದ ಮಟ್ಟಿಗೆ ಅದನ್ನ ಕೇಳೋರು ಒಂದ್ಸಲ ರಾತ್ರಿ ಬ್ರಿಡ್ಜ್ ಕಾಲ್‌ನಲ್ಲಿ (ಸಿಸ್ಟಂ ಕೆಟ್ಟಾಗ ಎಲ್ರೂ ಸೇರೋ ಕಾಲ್) ಕೂತು ಬಂದಿರೋರೇ. ಉಳಿದೋರಿಗೆ ಅದು ಬ್ಯಾಕ್‌ಲಾಗ್‌ನಲ್ಲಿ (ಬಾಕಿ ಕೆಲ್ಸದ ಪಟ್ಟಿ) ಕೊಳೆಯೋ ಇನ್ನೊಂದು ಸ್ಟೋರಿ.

ಕುಡ್ಲ_ಕ್ಯೂಎ

ಎಂತ ಮಾರ್ರೆ, ಟೆಸ್ಟಿಂಗ್‌ನವರನ್ನು ಯಾರೂ ಕೇಳುವುದೇ ಇಲ್ಲ. ನಾವು ಬಗ್ ಹಾಕಿದಾಗ "ಪ್ರೊಡಕ್ಷನ್‌ನಲ್ಲಿ ಹೀಗೆ ಯಾರೂ ಮಾಡುವುದಿಲ್ಲ" ಅಂತ ಹೇಳಿ ಕ್ಲೋಸ್ ಮಾಡಿದ ಡೆವಲಪರ್ ಒಮ್ಮೆ ಆನ್-ಕಾಲ್ ಕೂತರೆ ಗೊತ್ತಾಗ್ತದೆ ಜನ ಹಾಗೆಯೇ ಮಾಡುವುದು ಅಂತ.

ವೈಟ್‌ಫೀಲ್ಡ್_ವೈಫೈ

ಹಬ್ಬದ ಹಿಂದಿನ ದಿನ ಕೋಡ್ ಫ್ರೀಜ್ (ಹೊಸ ಕೋಡ್ ಹಾಕೋದು ನಿಲ್ಲಿಸೋದು) ಯಾಕೆ ಅಂತ ಕೇಳೋರೆಲ್ಲ ಇಲ್ಲಿ ಬನ್ನಿ.

ಯುಪಿಐ_ಹಿಂದೆ_ಇರೋನು

ಪೇಮೆಂಟ್ಸ್‌ನಲ್ಲಿರೋನು ನಾನು, ಅದಕ್ಕೆ ಹತ್ತಿರದ ಉದಾಹರಣೆ ಹೇಳ್ತೀನಿ. 2025ರ ಏಪ್ರಿಲ್ 12, ಶನಿವಾರ, ಯುಪಿಐ ಬಿದ್ದಿದ್ದು ನೆನಪಿದೆಯಲ್ಲ, ಟೀ ಅಂಗಡೀಲೆಲ್ಲ ಚಿಲ್ಲರೆ ಹುಡುಕಾಟ. ಅದಕ್ಕೆ ಯುಪಿಐ ನಡೆಸೋ ಎನ್‌ಪಿಸಿಐ ಕೊಟ್ಟ ಕಾರಣ ಏನಪ್ಪಾ ಅಂದ್ರೆ, ಕೆಲವು ಬ್ಯಾಂಕ್‌ಗಳ ಕಡೆಯಿಂದ ದುಡ್ಡು ಹೋಯ್ತಾ ಅಂತ ಸಿಸ್ಟಂಗಳು ಕೇಳೋ ಚೆಕ್ ಟ್ರಾನ್ಸಾಕ್ಷನ್ ಅನ್ನೋ ಎಪಿಐಗೆ ರಿಕ್ವೆಸ್ಟ್‌ಗಳ ಪ್ರವಾಹ ಬಂತು, ಹಳೇ ಟ್ರಾನ್ಸಾಕ್ಷನ್‌ಗಳ ಸ್ಟೇಟಸ್‌ನೂ ಮತ್ತೆ ಮತ್ತೆ ಕೇಳ್ತಿದ್ರು. ಆಮೇಲೆ ಅದಕ್ಕೆ ಮಿತಿ ಹಾಕಿದ್ರು.

ಆ ಕೋಡ್ ನಾನು ನೋಡಿಲ್ಲ, ಆದ್ರೆ ಆ ಜಾತಿ ಕೋಡ್ ನೋಡಿದೀನಿ. ರೆಸ್ಪಾನ್ಸ್ ಬರ್ಲಿಲ್ವಾ, ಮತ್ತೆ ಕೇಳು. ಬರ್ಲಿಲ್ವಾ, ಮತ್ತೆ ಕೇಳು. ಡೆಸ್ಕ್‌ನಲ್ಲಿ ಕೂತು ಬರೆಯೋವಾಗ ಇದು ಒಳ್ಳೇ ಜವಾಬ್ದಾರಿಯುತ ಕೋಡ್ ಥರಾನೇ ಕಾಣತ್ತೆ, ರಿವ್ಯೂನಲ್ಲೂ ಪಾಸ್ ಆಗತ್ತೆ. ಆಚೆ ಕಡೆ ಸಿಸ್ಟಂ ನಿಧಾನ ಆದಾಗ ಎಲ್ಲಾ ಕ್ಲೈಂಟ್‌ಗಳೂ ಒಟ್ಟಿಗೆ ರೀಟ್ರೈ ಹೊಡೆದು ಬಿದ್ದಿರೋದನ್ನ ಇನ್ನೂ ತುಳೀತವೆ ಅನ್ನೋದು ಗ್ರಾಫ್ ಎದುರು ಕೂತವನಿಗೆ ಮಾತ್ರ ಮೈಗೆ ಹತ್ತತ್ತೆ. ಅದಾದ್ಮೇಲೆ ಅವನು ಯಾವತ್ತೂ ಬ್ಯಾಕ್‌ಆಫ್ ಇಲ್ಲದೆ ರೀಟ್ರೈ ಬರೆಯಲ್ಲ, ಪ್ರತೀ ಸಲ ಕಾಯೋ ಟೈಮ್ ಹೆಚ್ಚಿಸ್ತಾನೆ, ಎಲ್ರೂ ಒಂದೇ ಸೆಕೆಂಡ್‌ಗೆ ಕೇಳದಂಗೆ ಸ್ವಲ್ಪ ರ‍್ಯಾಂಡಮ್ ಸೇರಿಸ್ತಾನೆ, ಇಷ್ಟು ಸಲ ಆದ್ಮೇಲೆ ಸಾಕು ಅಂತ ನಿಲ್ಲಿಸ್ತಾನೆ. ಟೈಮ್‌ಔಟ್‌ಗೂ ಅಷ್ಟೇ. ಲಾಗ್‌ಗೂ (ಸಿಸ್ಟಂ ಬರೆದಿಡೋ ದಾಖಲೆ) ಅಷ್ಟೇ, "ಸಮ್‌ಥಿಂಗ್ ವೆಂಟ್ ರಾಂಗ್" ಅಂತ ಲಾಗ್ ಬರೆಯೋ ಮಹಾನುಭಾವ ಒಂದ್ಸಲ ಆ ಲಾಗ್ ಹಿಡ್ಕೊಂಡು ರಾತ್ರಿ ಯಾವ ಟ್ರಾನ್ಸಾಕ್ಷನ್ ಐಡಿ ಅಂತ ಹುಡುಕ್ಲಿ, ಆಮೇಲೆ ಬರೆಯೋ ಲಾಗೇ ಬೇರೆ.

ಎಲ್2_ಇಂದ_ಬಂದವ್ಳು

ಲಾಗ್ ಬಗ್ಗೆ ಹೇಳಿದ್ದಕ್ಕೆ ಸಾವಿರ ಲೈಕ್ 🙏

ಬ್ಯಾಂಕಿಂಗ್_ಭಟ್ಟ

ಎಲ್ಲಾ ಸರಿ, ಆದ್ರೆ ನಾವು ಬ್ಯಾಂಕ್ ಪ್ರಾಜೆಕ್ಟ್‌ನಲ್ಲಿರೋರು ಏನ್ ಮಾಡೋಣ? ಡೆವಲಪರ್‌ಗೆ ಪ್ರೊಡಕ್ಷನ್ ಆಕ್ಸೆಸ್ ಕೊಡೋ ಹಾಗೇ ಇಲ್ಲ. ಎನ್ರಾನ್ ಕಂಪ್ನಿಯ ಲೆಕ್ಕಪತ್ರ ಹಗರಣ ಆದ್ಮೇಲೆ 2002ರಲ್ಲಿ ಅಮೆರಿಕಾದಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾನೂನು ಬಂತಲ್ಲ, ಅವತ್ತಿಂದ ಆಡಿಟರ್‌ಗಳು ಕೇಳೋ ಮೊದಲ ಪ್ರಶ್ನೆನೇ ಬರೆಯೋನೂ ಡಿಪ್ಲಾಯ್ ಮಾಡೋನೂ ಒಬ್ನೇನಾ ಅಂತ. ಫೋನ್ ನನಗೆ ಬರತ್ತೆ, ಲಾಗ್ ನೋಡಕ್ಕೂ ಇನ್ನೊಬ್ಬನ ಕೈ ಕಾಲು ಹಿಡೀಬೇಕು, ಅವನು ಫೋಟೋ ತೆಗ್ದು ಕಳಿಸ್ಬೇಕು. ಹಿಂಗಿದ್ರೆ ಆನ್-ಕಾಲ್ ಅನ್ನೋದು ಶಿಕ್ಷೆ ಅಷ್ಟೇ.

ಜಯನಗರ_ಜಾವಾ

ಕೆಲ್ಸ ಬೇರೆ ಬೇರೆಯವರು ಮಾಡ್ಬೇಕು ಅಂತ ಆಡಿಟ್ ಹೇಳತ್ತೆ, ಡೆವಲಪರ್ ಕುರುಡನಾಗಿರ್ಬೇಕು ಅಂತ ಹೇಳಲ್ಲ. ಲಾಗ್‌ನಲ್ಲಿ ಅಕೌಂಟ್ ನಂಬರ್, ಪ್ಯಾನ್ ಎಲ್ಲಾ ಮಾಸ್ಕ್ ಮಾಡಿ ರೀಡ್-ಓನ್ಲಿ ಡ್ಯಾಶ್‌ಬೋರ್ಡ್ ಕೊಡಬಹುದು. ತುರ್ತಿದ್ದಾಗ ಬ್ರೇಕ್-ಗ್ಲಾಸ್ ಆಕ್ಸೆಸ್, ಟಿಕೆಟ್ ನಂಬರ್ ಹಾಕಿದ್ರೆ ಮಾತ್ರ, ಒಂದೆರಡು ಗಂಟೆಗೆ ಮಾತ್ರ, ಸೆಷನ್ ಪೂರ್ತಿ ರೆಕಾರ್ಡ್ ಆಗತ್ತೆ, ಬೆಳಗ್ಗೆ ಇನ್ನೊಬ್ರು ನೋಡಿ ಸೈನ್ ಮಾಡ್ತಾರೆ. ಬದಲಾವಣೆ ಹೋಗೋದು ಪೈಪ್‌ಲೈನ್ ಮೂಲಕ, ಇನ್ನೊಬ್ಬರ ಅಪ್ರೂವಲ್ ಮೇಲೆ. ನಮ್ ಕ್ಲೈಂಟ್‌ದು ಇನ್ಶೂರೆನ್ಸ್, ಆಡಿಟರ್ ಒಪ್ಪಿದ್ದಾರೆ. ಇದನ್ನ ಸೆಟಪ್ ಮಾಡಕ್ಕೆ ತಿಂಗಳುಗಟ್ಟಲೆ ಹಿಡೀತು ಅನ್ನೋದೂ ನಿಜ, ಆ ಕೆಲ್ಸ ಮುಗಿಯೋ ತನಕ ಡೆವಲಪರ್‌ಗಳಿಗೆ ಪೇಜರ್ (ಅಂದ್ರೆ ಆನ್-ಕಾಲ್ ಸರದಿ) ಕೊಡ್ಬಾರ್ದು ಅಂತ ನಾವು ಹಠ ಹಿಡಿದ್ವಿ.

ಹುಬ್ಬಳ್ಳಿ_ಬ್ಯಾಕೆಂಡ್

ನೋಡ್ರಿ, ಬ್ರಿಟನ್ನಿನ ಪೋಸ್ಟ್ ಆಫೀಸಿನ ಹೊರೈಝನ್ ಕತಿ ಯಾರರ ಓದೀರೇನ? ಫುಜಿತ್ಸು ಕಂಪನಿ ಸಾಫ್ಟ್‌ವೇರ್. ಊರೂರಿನ ಸಬ್ ಪೋಸ್ಟ್‌ಮಾಸ್ಟರ್‌ಗಳ ಲೆಕ್ಕದಾಗ ಇಲ್ಲದ ಕೊರತಿ ತೋರಸ್ತಿತ್ತು, ಹೆಲ್ಪ್‌ಲೈನಿಗೆ ಫೋನ್ ಹಚ್ಚಿದ್ರ ಬ್ಯಾರೆ ಯಾರಿಗೂ ಹಿಂಗ ಆಗಿಲ್ಲ, ನಿಮಗಷ್ಟ ಆಗೇತಿ ಅಂತ ಎಷ್ಟೋ ಮಂದಿಗೆ ಹೇಳಿದ್ರು. 1999ರಿಂದ 2015ರ ನಡುವ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷಾ ಆತು, ಕೆಲವರು ಜೈಲಿಗೂ ಹೋದ್ರು, ಮನೀ ಮಾರಿ ರೊಕ್ಕ ತುಂಬಿದವ್ರು ಅದಾರ. ಸಾಫ್ಟ್‌ವೇರ್‌ದಾಗ ಬಗ್ ಇದ್ದವು, ಅದರಿಂದನ ಲೆಕ್ಕ ತಪ್ಪಬಹುದಿತ್ತು ಅಂತ ಅಲ್ಲಿ ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರ್‌ದಾಗ. ಫೋನ್ ಎತ್ತಾಂವ ಒಬ್ಬ, ಕೋಡ್ ಗೊತ್ತಿದ್ದಾಂವ ಇನ್ನೊಬ್ಬ, ನಡುವ ನಾಕು ಲೈನ್ ಸಪೋರ್ಟ್. ನಡುವ ಗ್ವಾಡಿ ಕಟ್ಟಿದ್ರ ಇಂಥಾದ್ದ ಆಗೂದು.

ಬ್ಯಾಂಕಿಂಗ್_ಭಟ್ಟ

ಇದನ್ನ ಇಲ್ಲಿಗೆ ತರೋವಾಗ ಸ್ವಲ್ಪ ಎಚ್ಚರ. ಅಲ್ಲಿ ಒಳಗಿನ ಸಪೋರ್ಟ್ ಟೀಮ್‌ಗೆ ಬಗ್‌ಗಳ ಬಗ್ಗೆ ಗೊತ್ತಿತ್ತು, ನೋನ್ ಎರರ್ ಲಾಗ್ ಅಂತ ದಾಖಲೆನೇ ಇಟ್ಟಿದ್ರು. ಗೊತ್ತಿದ್ದೂ ಅದು ಕೋರ್ಟ್‌ನಲ್ಲಿ ನಿಂತಿದ್ದ ಪೋಸ್ಟ್‌ಮಾಸ್ಟರ್‌ಗಳ ತನಕ ಬರ್ಲಿಲ್ಲ. ಅದು ಆನ್-ಕಾಲ್ ರೊಟೇಷನ್‌ನಿಂದ ಸರಿಹೋಗೋ ರೋಗ ಅಲ್ಲ, ಮೇಲಿನೋರ ನಿಯತ್ತಿನ ಪ್ರಶ್ನೆ.

ಹುಬ್ಬಳ್ಳಿ_ಬ್ಯಾಕೆಂಡ್

ಹೌದ್ರಿ, ಅದು ಖರೇ. ನಿಯತ್ತು ಯಾವ ರೊಟೇಷನ್‌ದಾಗೂ ಬರೂದಿಲ್ಲ ಬಿಡ್ರಿ.

ಮನೆ_ಮಕ್ಕಳು_ಮೈಕ್ರೋಸರ್ವೀಸ್

ಎಲ್ರೂ ಸಿಸ್ಟಂ ಬಗ್ಗೆ ಮಾತಾಡ್ತಿದೀರ, ಮನೆ ಬಗ್ಗೆ ಯಾರೂ ಮಾತಾಡ್ಲಿಲ್ಲ. ನನಗೆ ಚಿಕ್ಕ ಮಗು ಇದೆ, ಅತ್ತೆಗೆ ಹುಷಾರಿಲ್ಲ, ರಾತ್ರಿ ಮೂರಕ್ಕೆ ಫೋನ್ ಹೊಡ್ಕೊಂಡ್ರೆ ಮಗು ಏಳತ್ತೆ, ಮಗು ಎದ್ರೆ ಅತ್ತೆ ಏಳ್ತಾರೆ, ನಾನು ಲ್ಯಾಪ್‌ಟಾಪ್ ನೋಡ್ಲಾ ಮಗು ನೋಡ್ಲಾ. ಜವಾಬ್ದಾರಿ ಹಂಚ್ಕೊಳ್ಳಲ್ಲ ಅಂತ ನಾನು ಹೇಳ್ತಿಲ್ಲ. ಹಗಲಿನ ಆನ್-ಕಾಲ್ ನನಗೆ ಕೊಡಿ, ಇನ್ಸಿಡೆಂಟ್ ಆದ್ಮೇಲೆ ಆರ್‌ಸಿಎ (ಮೂಲ ಕಾರಣದ ವರದಿ) ಬರೆಯೋದು, ರನ್‌ಬುಕ್ ಸರಿ ಮಾಡೋದು ಎಲ್ಲಾ ನನಗೇ ಕೊಡಿ, ಮಾಡ್ತೀನಿ. ಆದ್ರೆ ರಾತ್ರಿ ಫೋನ್ ಎತ್ತೋನೇ ಹೀರೋ ಅಂತ ಅಪ್ರೈಸಲ್‌ನಲ್ಲಿ ರೇಟಿಂಗ್ ಕೊಟ್ರೆ ನಮ್ಮಂಥೋರು ಎಲ್ಲಿಗೆ ಹೋಗೋದು?

ಸಿಲ್ಕ್‌ಬೋರ್ಡ್_ಸಂತ್ರಸ್ತ

ಇದು ಪಾಯಿಂಟ್. 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಐಟಿಯವರಿಗೆ ದಿನಕ್ಕೆ 14 ಗಂಟೆ ಕೆಲ್ಸಕ್ಕೆ ಅವಕಾಶ ಕೊಡೋ ಪ್ರಸ್ತಾಪ ಬಂದು, ಐಟಿ ನೌಕರರ ಕೆಐಟಿಯು ಯೂನಿಯನ್‌ನವರು ಗಲಾಟೆ ಮಾಡಿದ್ರಲ್ಲ. ಆನ್-ಕಾಲ್ ಅಂತ ಹೆಸ್ರಿಟ್ರೆ ಕಾನೂನೂ ಬೇಡ, ಹಿಂಬಾಗಿಲಿಂದ ಅದೇ ಒಳಗೆ ಬರತ್ತೆ.

ಬರ್ಲಿನ್_ಬಿಸಿಬೇಳೆ

ಇಲ್ಲಿ ಜರ್ಮನೀಲಿ ಹೆಂಗೆ ಅಂದ್ರೆ, ಯುರೋಪಿಯನ್ ಯೂನಿಯನ್‌ನ ವರ್ಕಿಂಗ್ ಟೈಮ್ ಡೈರೆಕ್ಟಿವ್ ಪ್ರಕಾರ ದಿನಕ್ಕೆ ಸತತ 11 ಗಂಟೆ ವಿಶ್ರಾಂತಿ ಸಿಗ್ಬೇಕು. ರಾತ್ರಿ ಎದ್ದು ಗಂಟೆಗಟ್ಟಲೆ ಕೆಲ್ಸ ಮಾಡಿದೋನು ಬೆಳಗ್ಗೆ ಒಂಬತ್ತಕ್ಕೆ ಸ್ಟ್ಯಾಂಡಪ್‌ಗೆ ಬರೋ ಹಾಗಿಲ್ಲ, ಬಂದ್ರೆ ಮ್ಯಾನೇಜರೇ ಮನೆಗೆ ಕಳಿಸ್ತಾರೆ. ಬೆಲ್ಜಿಯಂನ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಕೇಸ್‌ನಲ್ಲಿ, ಕರೆ ಬಂದ್ರೆ 8 ನಿಮಿಷದಲ್ಲಿ ಸ್ಟೇಷನ್ ತಲುಪ್ಬೇಕು ಅಂತ ಮನೇಲಿ ಕಾಯಿಸಿದ್ರೆ ಆ ಕಾಯೋದೂ ಕೆಲ್ಸದ ಸಮಯನೇ ಅಂತ 2018ರಲ್ಲಿ ಯುರೋಪಿಯನ್ ಕೋರ್ಟ್ ಹೇಳ್ತು. ಎಲ್ಲಾ ಸ್ಟ್ಯಾಂಡ್‌ಬೈಗೂ ಅದು ಅನ್ವಯ ಆಗಲ್ಲ, ಎಷ್ಟು ಬಿಗಿಯಾಗಿ ಕಟ್ಟಿಹಾಕಿದಾರೆ ಅನ್ನೋದರ ಮೇಲೆ ಹೋಗತ್ತೆ. ಆದ್ರೆ ಐದು ನಿಮಿಷದಲ್ಲಿ ಅಕ್ನಾಲೆಜ್ ಮಾಡ್ಬೇಕು, ಲ್ಯಾಪ್‌ಟಾಪ್ ಇಲ್ದೆ ಸಿನಿಮಾಗೂ ಹೋಗಂಗಿಲ್ಲ ಅನ್ನೋ ನಮ್ಮೂರ ಮ್ಯಾನೇಜರ್‌ಗಳು ಇದನ್ನ ಒಂದ್ಸಲ ಓದ್ಲಿ.

ಎಸ್‌ಆರ್‌ಇ_ಶೆಟ್ರು

ಸ್ವಲ್ಪ ಪ್ರಾಕ್ಟಿಕಲ್ ಆಗಿ ಮಾತಾಡೋಣ, ಇದೇ ನನ್ನ ಹೊಟ್ಟೆಪಾಡು. ಗೂಗಲ್‌ನಲ್ಲಿ ಎಸ್‌ಆರ್‌ಇ (ಸಿಸ್ಟಂ ಬೀಳದಂಗೆ ನೋಡ್ಕೊಳ್ಳೋ ಇಂಜಿನಿಯರ್‌ಗಳ ಟೀಮ್) ಶುರುವಾಗಿದ್ದು 2003ರಲ್ಲಿ, ಬೆನ್ ಟ್ರೇನರ್ ಸ್ಲಾಸ್ ಕೈಕೆಳಗೆ. ಅವರ ನಿಯಮಗಳಲ್ಲಿ ಎರಡು ನನಗೆ ಬಹಳ ಮುಖ್ಯ. ಆಪ್ಸ್ (ಸಿಸ್ಟಂ ನಡೆಸೋ) ಕೆಲ್ಸ ಒಬ್ಬನ ಸಮಯದ 50% ದಾಟಬಾರ್ದು, ದಾಟಿದ್ರೆ ಹೆಚ್ಚುವರಿ ಕೆಲ್ಸ, ಬೇಕಾದ್ರೆ ಪೇಜರ್ ಕೂಡ, ಡೆವಲಪ್ಮೆಂಟ್ ಟೀಮ್‌ಗೆ ವಾಪಸ್. ಅಂದ್ರೆ ಅಷ್ಟು ದೊಡ್ಡ ಆಪ್ಸ್ ಟೀಮ್ ಇಟ್ಕೊಂಡೂ ಡೆವಲಪರ್‌ನ ಪೂರ್ತಿ ಬಿಟ್ಟಿಲ್ಲ. ಇನ್ನೊಂದು, 12 ಗಂಟೆ ಶಿಫ್ಟ್‌ಗೆ ಹೆಚ್ಚಂದ್ರೆ ಎರಡು ಇನ್ಸಿಡೆಂಟ್, ಯಾಕಂದ್ರೆ ಒಂದನ್ನ ಸರಿಯಾಗಿ ನೋಡಿ, ಕಾರಣ ಹುಡುಕಿ, ಬರೆದಿಡಕ್ಕೆ ಅಷ್ಟು ಸಮಯ ಬೇಕೇ ಬೇಕು. ಒಂದೇ ಊರಲ್ಲಿರೋ ಟೀಮ್ ವಾರಕ್ಕೊಬ್ಬರಂತೆ ಪ್ರೈಮರಿ-ಸೆಕೆಂಡರಿ (ಮೊದಲು ಫೋನ್ ಎತ್ತೋರು, ಅವರ ಹಿಂದೆ ಇನ್ನೊಬ್ರು) ನಡೆಸಕ್ಕೆ ಕನಿಷ್ಠ 8 ಜನ ಬೇಕು ಅಂತ ಅವರ ಲೆಕ್ಕ. ಈಗ ನಿಮ್ಮ ಟೀಮ್‌ನಲ್ಲಿ ಎಷ್ಟು ಜನ ಇದ್ದೀರ ಎಣಿಸಿ. ನಾಲ್ಕೇ ಜನ ಇದ್ರೆ ತಿಂಗಳಿಗೊಂದು ವಾರ ಪ್ರೈಮರಿ, ಇನ್ನೊಂದು ವಾರ ಸೆಕೆಂಡರಿ, ಅದು ರೊಟೇಷನ್ ಅಲ್ಲ, ಹರಕೆ.

ಒಂದು ಹಂತದಲ್ಲಿ ನಮ್ಮಲ್ಲೂ ಅಲರ್ಟ್‌ಗಳು ಸಿಕ್ಕಾಪಟ್ಟೆ ಇದ್ವು. ಸಿಪಿಯು 80% ಆಯ್ತು ಅಂತ ಒಂದು, ಡಿಸ್ಕ್ ತುಂಬ್ತಿದೆ ಅಂತ ಇನ್ನೊಂದು, ಯಾರೋ ಎಂದೋ ಹಾಕಿದ್ದು. ಡೆವಲಪರ್‌ಗಳು ರೊಟೇಷನ್‌ಗೆ ಬಂದ ಮೊದಲ ತಿಂಗಳೇ ಅರ್ಧಕ್ಕರ್ಧ ಅಲರ್ಟ್ ಕಿತ್ತು ಬಿಸಾಕಿದ್ರು, ಇದಕ್ಕೆ ರಾತ್ರಿ ಏಳ್ಬೇಕಾ, ಯೂಸರ್‌ಗೆ ಏನಾದ್ರೂ ತೊಂದ್ರೆ ಆಗ್ತಿದ್ಯಾ ಅಂತ ಒಂದೊಂದಕ್ಕೂ ಜಗಳ ಆಡಿ. ನಾವು ಆಪ್ಸ್‌ನವರು ಎಷ್ಟೋ ಕಾಲದಿಂದ ಅದನ್ನೇ ಕೇಳ್ತಿದ್ವಿ, ಆಗ ಟೈಮ್ ಇರ್ಲಿಲ್ಲ, ತಮ್ಮ ನಿದ್ದೆಗೆ ಬಂದಾಗ ಟೈಮ್ ಸಿಕ್ತು 😏

ಗ್ರೆಪ್_ಗೌಡ

"ರೊಟೇಷನ್ ಅಲ್ಲ, ಹರಕೆ" 🤣 ನಮ್ ಟೀಮ್ ಗ್ರೂಪ್‌ಗೆ ಕಳಿಸ್ದೆ

ಬ್ಯಾಕಪ್_ಬಸಪ್ಪ

ಕೋಡ್ ಇಡೋ ಸೇವೆ ಗಿಟ್‌ಲ್ಯಾಬ್‌ನ 2017ರ ಜನವರಿ 31ರ ಕಥೆ ಕೂಡ ಸೇರಿಸ್ಕೊಳ್ಳಿ. ತಪ್ಪು ಸರ್ವರ್‌ನಲ್ಲಿ ಡೇಟಾ ಡೈರೆಕ್ಟರಿ ಡಿಲೀಟ್ ಆಗಿದ್ದೇ ಎಲ್ರಿಗೂ ನೆನಪಿರತ್ತೆ, ನನಗೆ ಅದಕ್ಕಿಂತ ಮುಖ್ಯ ಆಮೇಲೆ ಗೊತ್ತಾಗಿದ್ದು. ದಿನಾ ಆಗ್ಬೇಕಿದ್ದ ಬ್ಯಾಕಪ್ ಆಗ್ತಾನೇ ಇರ್ಲಿಲ್ಲ, ಡೇಟಾಬೇಸ್ ವರ್ಷನ್ 9.6, ಬ್ಯಾಕಪ್ ತೆಗೆಯೋ ಟೂಲ್ ವರ್ಷನ್ 9.2, ಒಂದಕ್ಕೊಂದು ಹೊಂದ್ತಿರ್ಲಿಲ್ಲ. ಫೇಲ್ ಆಗಿದೆ ಅಂತ ಹೋಗೋ ಮೇಲ್‌ಗಳು ಡಿಮಾರ್ಕ್ (ಮೇಲ್ ಅಸಲಿನಾ ಅಂತ ನೋಡೋ ವ್ಯವಸ್ಥೆ) ಸರಿ ಇಲ್ಲ ಅಂತ ರಿಜೆಕ್ಟ್ ಆಗ್ತಿದ್ವು. ಒಬ್ಬ ಇಂಜಿನಿಯರ್ ಬೇರೆ ಯಾವುದೋ ಕೆಲ್ಸಕ್ಕೆ ಸುಮಾರು ಆರು ಗಂಟೆ ಮುಂಚೆ ಸ್ನ್ಯಾಪ್‌ಶಾಟ್ (ಡೇಟಾದ ನಕಲು) ತೆಗೆದಿದ್ದಕ್ಕೆ ಬಚಾವಾದ್ರು. ಬ್ಯಾಕಪ್ ಯಾಕೆ ಯಾರೂ ಟೆಸ್ಟ್ ಮಾಡಿರ್ಲಿಲ್ಲ ಅನ್ನೋದಕ್ಕೆ ಅವರೇ ಬಹಿರಂಗವಾಗಿ ಬರ್ಕೊಂಡ್ರು, ಅದು ಯಾರ ಜವಾಬ್ದಾರಿ ಅಂತ ಇರ್ಲೇ ಇಲ್ಲ ಅಂತ. ನೈಟ್ ಕ್ಯಾಪಿಟಲ್‌ನಲ್ಲಿ ಬಂದ ಮೇಲ್ ಓದ್ಲಿಲ್ಲ, ಇಲ್ಲಿ ಮೇಲೇ ಬರ್ಲಿಲ್ಲ.

ಸರ್ವೀಸ್_ಕಂಪ್ನಿ_ಸುಬ್ಬಿ

ನೀವೆಲ್ಲ ಪ್ರಾಡಕ್ಟ್ ಕಂಪ್ನಿ ಕಥೆ ಹೇಳ್ತಿದೀರ. ನಮ್ಮಂಥ ಸರ್ವೀಸ್ ಕಂಪ್ನೀಲಿ ಕಟ್ಟೋದು ಒಂದು ವೆಂಡರ್, ನಡೆಸೋದು ಇನ್ನೊಂದು ವೆಂಡರ್, ಮಧ್ಯೆ ಎರಡು ವಾರ ಕೆಟಿ (ಕೆಲ್ಸ ಹೇಳಿಕೊಟ್ಟು ಒಪ್ಪಿಸೋದು). ಆ ಕೆಟಿ ಅಂದ್ರೆ ಏನು ಅಂತ ಎಲ್ರಿಗೂ ಗೊತ್ತು, ಸ್ಕ್ರೀನ್ ಶೇರ್ ಮಾಡಿ ಹಳೇ ಪಿಪಿಟಿ ಓದೋದು, ರೆಕಾರ್ಡಿಂಗ್ ಫೋಲ್ಡರ್‌ಗೆ ಹಾಕೋದು, ಅದನ್ನ ಯಾರೂ ನೋಡಲ್ಲ. ಹೈಪರ್‌ಕೇರ್ (ಲೈವ್ ಆದ್ಮೇಲೆ ಕಟ್ಟಿದೋರೇ ನೋಡ್ಕೊಳ್ಳೋ ಅವಧಿ) ಮುಗಿದ ದಿನವೇ ಕಟ್ಟಿದೋರು ಬೇರೆ ಪ್ರಾಜೆಕ್ಟ್‌ಗೆ ರಿಲೀಸ್. ಬರೆದೋನು ಈಗ ಎಲ್ಲಿದಾನೋ, ಅವನನ್ನ ಯಾವ ರೊಟೇಷನ್‌ಗೆ ಹಾಕ್ತೀರ? 2021ರ ಜೂನ್‌ನಲ್ಲಿ ಹೊಸ ಇನ್‌ಕಂ ಟ್ಯಾಕ್ಸ್ ಪೋರ್ಟಲ್ ಬಂದಾಗ ತಿಂಗಳುಗಟ್ಟಲೆ ತೊಂದ್ರೆ ಆಗಿ, ಆಗಸ್ಟ್‌ನಲ್ಲಿ ಹಣಕಾಸು ಸಚಿವರು ಅದನ್ನ ಕಟ್ಟಿದ ಇನ್ಫೋಸಿಸ್ ಸಿಇಒನ ಕರೆಸಿ ಕೇಳಿದ್ರು. ಜವಾಬ್ದಾರಿ ಅಂದ್ರೆ ಮೊದಲು ಅಲ್ಲಿಂದ ಕೆಳಗೆ ಬರ್ಬೇಕು.

ಎಸ್‌ಆರ್‌ಇ_ಶೆಟ್ರು

ಸರಿಯಾದ ಪ್ರಶ್ನೆ, ಇದಕ್ಕೆ ಉತ್ತರ ಕಾಂಟ್ರ್ಯಾಕ್ಟ್‌ನಲ್ಲೇ ಇರ್ಬೇಕು. ನಾನು ನೋಡಿದ ಒಂದು ಕಡೆ ಹಿಂಗೆ ಮಾಡಿದ್ರು: ಹೈಪರ್‌ಕೇರ್ ತಾರೀಖಿನ ಮೇಲೆ ಮುಗಿಯಲ್ಲ, ಸ್ಥಿತಿ ಮೇಲೆ ಮುಗಿಯತ್ತೆ. ಸತತ ಇಷ್ಟು ವಾರ ಪಿ1 (ಅತೀ ಗಂಭೀರ ಇನ್ಸಿಡೆಂಟ್) ಬರಬಾರ್ದು, ಪ್ರತೀ ಅಲರ್ಟ್‌ಗೂ ರನ್‌ಬುಕ್ ಇರ್ಬೇಕು, ಆ ರನ್‌ಬುಕ್‌ನ ಹೊಸ ಟೀಮ್‌ನವರು ಕಟ್ಟಿದವರ ಸಹಾಯ ಇಲ್ದೆ ಒಂದ್ಸಲ ಓಡ್ಸಿ ತೋರಿಸ್ಬೇಕು, ಅಲ್ಲಿ ತನಕ ಕಟ್ಟಿದವರಲ್ಲಿ ಇಬ್ಬರು ಪ್ರಾಜೆಕ್ಟ್ ಬಿಡೋ ಹಾಗಿಲ್ಲ. ಅವರ ಬಿಲ್ಲಿಂಗ್ ಯಾರು ಕೊಡ್ತಾರೆ ಅಂತನೂ ಅದರಲ್ಲೇ ಬರೆದಿತ್ತು. ಅದಕ್ಕೆ ಕ್ಲೈಂಟ್ ಜೊತೆ ಸಿಕ್ಕಾಪಟ್ಟೆ ಚೌಕಾಸಿ ನಡೀತು ಅಂತ ಕೇಳಿದೀನಿ.

ಸರ್ವೀಸ್_ಕಂಪ್ನಿ_ಸುಬ್ಬಿ

ನಮ್ ಸೇಲ್ಸ್‌ನವರು ಇದನ್ನ ಓದಿದ್ರೆ ಹಾರ್ಟ್ ಅಟ್ಯಾಕ್ ಆಗತ್ತೆ. ಆದ್ರೂ ಕಾಪಿ ಮಾಡ್ಕೊಂಡೆ.

ಎಲ್2_ಇಂದ_ಬಂದವ್ಳು

ಬೈಗುಳ ಜಾಸ್ತಿ ಬರತ್ತೆ ಅನ್ಕೊಂಡಿದ್ದೆ, ಉಪಯೋಗಕ್ಕೆ ಬರೋದೇ ಜಾಸ್ತಿ ಬಂತು. @ಸಿಲ್ಕ್‌ಬೋರ್ಡ್ ಒಂದು ನೇರ ಪ್ರಶ್ನೆ. ಟೀಮ್‌ನಲ್ಲಿ 8 ಜನ, ಎಲ್1 ಹಂಗೇ ಇರತ್ತೆ, ನಿಮಗೆ ಬರೋದು ಎಲ್1 ಕೈಲಿ ಆಗದೇ ಇದ್ದಿದ್ದು ಮಾತ್ರ, ರಾತ್ರಿ ಎದ್ರೆ ಮಾರನೇ ದಿನ ರಜೆ, ವಾರಕ್ಕೆ ಇಷ್ಟು ಅಂತ ಅಲೊವೆನ್ಸ್ ಪೇಸ್ಲಿಪ್‌ನಲ್ಲಿ ಬೇರೆ ಸಾಲಲ್ಲಿ. ರಿಪೀಟ್ ಆಗೋ ಇನ್ಸಿಡೆಂಟ್ ಸರಿ ಮಾಡೋ ಕೆಲ್ಸ ಮುಂದಿನ ಸ್ಪ್ರಿಂಟ್‌ನಲ್ಲಿ ಮೊದಲು ಹೋಗ್ಬೇಕು, ಪ್ರಾಡಕ್ಟ್ ಮ್ಯಾನೇಜರ್ ಅದನ್ನ ಕೆಳಗೆ ತಳ್ಳೋ ಹಾಗಿಲ್ಲ. ಆಗ ಬರ್ತೀರಾ?

ಸಿಲ್ಕ್‌ಬೋರ್ಡ್_ಸಂತ್ರಸ್ತ

ಕೊನೇದು ಬರೆದು ಕೊಟ್ರೆ ಬರ್ತೀನಿ. ಅಲೊವೆನ್ಸ್‌ಗಿಂತ ಅದೇ ನನಗೆ ಮುಖ್ಯ, ಯಾಕಂದ್ರೆ ಒಂದೇ ಬಗ್‌ಗೆ ಎರಡನೇ ಸಲ ರಾತ್ರಿ ಏಳೋದಿದ್ಯಲ್ಲ, ಅದಕ್ಕೆ ಎಷ್ಟು ದುಡ್ಡು ಕೊಟ್ರೂ ಸಾಲಲ್ಲ. ಬಾಯಿಮಾತಲ್ಲಿ ಹೇಳಿದ್ರೆ ಬರಲ್ಲ, ಪ್ರಾಡಕ್ಟ್ ಮ್ಯಾನೇಜರ್‌ಗಳ ಬಾಯಿಮಾತು ಬಹಳ ನೋಡಿದೀನಿ.

ವೈಟ್‌ಫೀಲ್ಡ್_ವೈಫೈ

ಆನ್-ಕಾಲ್ ಅಲೊವೆನ್ಸ್‌ಗೆ ಟ್ಯಾಕ್ಸ್ ಇದ್ಯಾ?

ಬ್ಯಾಂಕಿಂಗ್_ಭಟ್ಟ

ಇದೆ. ಸಂಬಳದ ಜೊತೆನೇ ಸೇರತ್ತೆ, ನಿಮ್ ಸ್ಲ್ಯಾಬ್ ಪ್ರಕಾರ ಕಟ್ ಆಗತ್ತೆ. ಅದಕ್ಕೇ ನಮ್ಮಲ್ಲಿ ಕೆಲವ್ರು ದುಡ್ಡು ಬೇಡ, ಕಾಂಪ್ ಆಫ್ (ಬದಲಿ ರಜೆ) ಕೊಡಿ ಅಂತ ಕೇಳೋದು.